ಗುಂಡುಸೂಜಿ ಕಚ್ಚಿದ ಬಾತುಕೋಳಿ

ಮಕ್ಕಳ ಕಾರ್ಟೂನಿನ ಆ ಬಾತುಕೋಳಿ ಕೊಕ್ಕು ತೆರೆದರೆ ಸಾಕು, ಮಕ್ಕಳು ಹೊಟ್ಟೆ ಹಿಡಿದು ನಗುತ್ತವೆ. ಅದರ ದನಿ ಯಾವುದೋ ದೊಡ್ಡ ನಟಿಯದು ಅಂದುಕೊಂಡಿದ್ದರೆ ಮೋಸ ಹೋದಿರಿ. ಅದು ಪರದೆ ಹೊಲಿಯುವ ಹೆಂಗಸೊಬ್ಬರದು. ಎಲ್ಲರೂ ಕರೆಯುವುದು ಟೈಲರಮ್ಮ ಅಂತ.

ಕಾರ್ಟೂನು ಮಾಡುವವರು ಅಕ್ಕ-ತಮ್ಮ. ಅಕ್ಕ ಮಾತು ಬರೆದು ಹೇಳಿಸುವವಳು, ತಮ್ಮ ಚಿತ್ರ ಬಿಡಿಸುವವನು. ಅವರ ರೆಕಾರ್ಡಿಂಗ್ ಕೋಣೆಗೆ ದಪ್ಪ ಪರದೆ ಹಾಕಲು ಟೈಲರಮ್ಮ ಬಂದಿದ್ದರು. ತುಟಿಯಲ್ಲಿ ನಾಲ್ಕೈದು ಗುಂಡುಸೂಜಿ ಕಚ್ಚಿಕೊಂಡೇ, ಏಣಿ ಹಿಡಿದ ಗಂಡನಿಗೆ, "ಶೊಲ್ಪ ಎಡಕ್ ಶರೀರಿ" ಅಂದರು.

"ಸೂಜಿ ತೆಗೆದು ಮಾತಾಡೇ, ಒಂದಕ್ಷರ ಅರ್ಥ ಆಗಲ್ಲ" ಅಂತ ಗಂಡ ಗೊಣಗಿದರು. ನಲವತ್ತು ವರ್ಷದಿಂದ ಇದೇ ರಾಗ.

ಅಕ್ಕ ಮಾತ್ರ ಕುರ್ಚಿ ಬಿಟ್ಟು ಎದ್ದಳು. "ಲೋ, ಇದೇ ಕಣೋ ನಮ್ಮ ಬಾತುಕೋಳಿ!"

ಕಟ್ಟಿಕೊಂಡ ಗಂಡನಿಗೇ ಬೇಡವಾದ ಮಾತು ಇವರಿಗೆ ಬೇಕಂತೆ! ಟೈಲರಮ್ಮ ನಕ್ಕುಬಿಟ್ಟರು. ಆದರೂ ಆಸೆ ಹುಟ್ಟಿತು, ಹುಟ್ಟಿದ್ದು ಬಿಡಲಿಲ್ಲ.

ರೆಕಾರ್ಡಿಂಗ್ ದಿನ ಎಡವಟ್ಟಾಯಿತು. "ಸೂಜಿ ಬೇಡಮ್ಮಾ, ನುಂಗಿಬಿಟ್ಟೀರಿ" ಅಂದಳು ಅಕ್ಕ. ಸೂಜಿ ಇಲ್ಲದೆ ಮೈಕಿನ ಮುಂದೆ ಬಂದದ್ದು ಬರೀ ಸಪ್ಪೆ ದನಿ. ಮಧ್ಯಾಹ್ನವಾದರೂ ಅದೇ ಕಥೆ. ಸಂಜೆಯೊಳಗೆ ಆಗದಿದ್ದರೆ ಬೇರೆ ನಟಿ ಬರುತ್ತಾಳೆ ಅಂತಾಯಿತು. ಕಣ್ಣಲ್ಲಿ ನೀರು ತುಂಬಿ ಟೈಲರಮ್ಮ ಆಚೆ ತಿರುಗಿದರೆ, ತಾವೇ ಹಾಕಿದ ಪರದೆಯ ಅಂಚಲ್ಲಿ ಹೊಲಿಗೆ ಬಿಟ್ಟಿರುವುದು ಕಂಡಿತು. ಕೈ ಸುಮ್ಮನಿದ್ದೀತೇ? ದಾರ ಪೋಣಿಸಿ, ಹೊಲಿಯುತ್ತಲೇ ಮಾತು ಹೇಳಿದರು.

ಅಬ್ಬಬ್ಬಾ! ಬಾಯಲ್ಲಿ ಇಲ್ಲದ ಗುಂಡುಸೂಜಿ ಬೀಳದ ಹಾಗೆ ತುಟಿ ತಾನಾಗಿಯೇ ಬಿಗಿಯಿತು. ಎದುರಿನ ಟಿವಿಯಲ್ಲಿ, ತಮ್ಮ ಎಳೆದ ನಾಲ್ಕು ಗೆರೆಗೆ ಜೀವ ಬಂದು, ಅದು ಅವರ ದನಿಯಲ್ಲೇ ಮಾತಾಡಿತು. ಟೈಲರಮ್ಮನ ಮೈ ಜುಮ್ಮೆಂದಿತು. ಹೊಲಿಗೆ ಅಲ್ಲಿಗೇ ನಿಂತಿತು.

"ದನಿ ಏನೋ ಚಿನ್ನ," ಅಂದಳು ಅಕ್ಕ, "ಮಾತು ಅರ್ಥ ಆಗುತ್ತಾ ಅನ್ನೋದೇ ಅನುಮಾನ. ಆಗದಿದ್ರೆ ನಟೀನೇ ಗತಿ." ಹೊರಗೆ ಬೆಂಚಿನ ಮೇಲೆ ಕೂತಿದ್ದ ಗಂಡನನ್ನೇ ಕರೆದು ಕೇಳಿಸಿದರು. ಮುಗೀತು ನನ್ನ ಕಥೆ ಅಂದುಕೊಂಡರು ಟೈಲರಮ್ಮ.

ಗಂಡ ಕಣ್ಣು ಮುಚ್ಚಿ ಕೇಳಿ, ಒಂದಕ್ಷರ ಬಿಡದೆ ಒಪ್ಪಿಸಿದರು: "ನನ್ನ ಟೋಪಿ ಕದ್ದ ಆಮೆ ಓಡಿಹೋಗ್ತಾ ಇದೆ, ಹಿಡೀರಿ! ಅವಸರ ಇಲ್ಲ, ಊಟ ಮುಗಿಸಿಕೊಂಡೇ ಬನ್ನಿ!"

ಟೈಲರಮ್ಮ ಗಂಡನತ್ತ ತಿರುಗಿದರು.

"ರೀ... ಇಷ್ಟು ವರ್ಷ ನಾನಂದದ್ದೆಲ್ಲ ಅರ್ಥ ಆಗ್ತಿತ್ತಾ ನಿಮಗೆ?"

ಅವರು ತಲೆ ಕೆರೆದುಕೊಂಡರು. "ಅರ್ಥ ಆಯ್ತು ಅಂದ್ರೆ ಹೇಳಿದ ಕೆಲಸ ಮಾಡಬೇಕಾಗುತ್ತಲ್ಲೇ."

ಅಕ್ಕ-ತಮ್ಮ ಬಿದ್ದು ಬಿದ್ದು ನಕ್ಕರು. ಟೈಲರಮ್ಮನಿಗೆ ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ. ನಲವತ್ತು ವರ್ಷ ಆಡಿದ ಮಾತು ಒಂದೂ ಗಾಳಿಗೆ ಹೋಗಿರಲಿಲ್ಲ! ಆಮೇಲೆ ತುಟಿ ಬಿಗಿದು, ಥೇಟ್ ಬಾತುಕೋಳಿಯ ಹಾಗೇ ಅಂದರು: "ಹೊಲ್ಗೆ ಶೀಲ ಎತ್ಕೊಳ್ರೀ."

ಅವರು ಆಚೀಚೆ ನೋಡಿ, ತೆಪ್ಪಗೆ ಚೀಲ ಎತ್ತಿಕೊಂಡರು.