ಜೀಪಿನ ಸ್ವರಕ್ಕೆ ಬಂದ ಹಣ

ನನ್ನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳಲು ನನಗೆ ಈಗಲೂ ಬರುವುದಿಲ್ಲ. ಊರಲ್ಲಿ ರಕ್ತದಾನ ಶಿಬಿರವೋ ವಾಲಿಬಾಲ್ ಪಂದ್ಯಾಟವೋ ಯುವಕ ಮಂಡಲದ ವಾರ್ಷಿಕೋತ್ಸವವೋ ಇದ್ದರೆ, ಅದಕ್ಕೆ ಮೊದಲು ಮೈಕ್ ಕಟ್ಟಿದ ಜೀಪೊಂದು ತಿರುಗುತ್ತದಲ್ಲ, ಅದರೊಳಗಿಂದ "ಆತ್ಮೀಯ ಬಂಧುಗಳೇ" ಎಂದು ಶುರು ಮಾಡುವ ಹೆಂಗಸಿನ ಸ್ವರ ನನ್ನದು. ಜೀಪಿನಲ್ಲಿ ನಾನಿರುವುದಿಲ್ಲ. ಬೆಳ್ಳಾರೆಯ ನಮ್ಮ ಮನೆಯಲ್ಲಿ ಕಪಾಟಿನ ಬಾಗಿಲು ತೆರೆದು, ಸೀರೆಗಳ ನಡುವೆ ತಲೆ ತೂರಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತೇನೆ. ಸೀರೆಗಳು ಪ್ರತಿಧ್ವನಿಯನ್ನು ನುಂಗುತ್ತವೆ. ಪಕ್ಕದ ಮನೆಯ ಕುಕ್ಕರಿನ ಸೀಟಿಯನ್ನು ಮಾತ್ರ ನುಂಗುವುದಿಲ್ಲ, ಹಾಗಾಗಿ ಅವರ ಅನ್ನ ಬೇಯುವವರೆಗೆ ನಾನು ಕಾಯಬೇಕು.

ಕೆಲಸಕ್ಕೆ ಕೊರತೆ ಇಲ್ಲ. ಪುತ್ತೂರು, ಸುಳ್ಯ, ಕಡಬ ಮೂರೂ ಕಡೆಯವರು ಕರೆಯುತ್ತಾರೆ. ತೊಂದರೆ ಇರುವುದು ಹಣ ಬರುವ ದಾರಿಯಲ್ಲಿ. ನಮ್ಮಲ್ಲಿ ಗುರುತಿನವರ ಹತ್ತಿರ ರೇಟು ಹೇಳುವ ಕ್ರಮ ಇಲ್ಲ. ಅವರು "ಎಷ್ಟಾಯ್ತು ಅಕ್ಕ?" ಎಂದು ಕೇಳಬೇಕು, ನಾನು "ನಿಮಗೆ ಕಂಡದ್ದು ಕೊಡಿ" ಎನ್ನಬೇಕು, ಅವರು "ಆಯ್ತು, ಎಂತಾದ್ರೂ ಮಾಡುವ" ಎನ್ನಬೇಕು. ಆ "ಎಂತಾದ್ರೂ" ಯಾವ ರೂಪದಲ್ಲಿ ಬರುತ್ತದೆ ಎಂಬುದು ದೇವರಿಗೂ ತಿಳಿಯದು. ಈಶ್ವರಮಂಗಲದ ಕಡೆಯ ಒಂದು ಕ್ಲಬ್ಬಿನವರು ನನ್ನನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೊ ತೆಗೆಸಿದರು. ಅವರ ಪ್ರಕಾರ ಅಲ್ಲಿಗೆ ಲೆಕ್ಕ ಚುಕ್ತಾ. ಇನ್ನೊಬ್ಬರು ಚೆಕ್ ಬರೆದಿಟ್ಟಿದ್ದರು. ಅದಕ್ಕೆ ಸಹಿ ಹಾಕಬೇಕಾದ ಕಾರ್ಯದರ್ಶಿ ಗಲ್ಫಿಗೆ ಹೋಗಿದ್ದ. "ರಜೆಗೆ ಬಂದಾಗ ಹಾಕ್ತಾನೆ, ಹೆದರ್ಬೇಡಿ" ಎಂದರು. ಕೆಲವರದ್ದು ಲೆಕ್ಕಪತ್ರದ ಸಭೆ ಆಗಬೇಕು. ಆ ಸಭೆ ಆಗುವುದು ಮುಂದಿನ ವರ್ಷದ ಕಾರ್ಯಕ್ರಮದ ಚರ್ಚೆಗೆ ಸೇರಿದಾಗ. ಅಷ್ಟರಲ್ಲಿ ಖಜಾಂಚಿಯೇ ಬದಲಾಗಿರುತ್ತಾರೆ.

ಇವರಲ್ಲಿ ಒಬ್ಬರೂ ಮೋಸದವರಲ್ಲ, ಅದೇ ಕಷ್ಟ. ಬೈಯಲು ಬಾಯಿ ತೆರೆದರೆ ಒಂದು ಬಾಟ್ಲಿ ಜೇನು ಕೈಗಿಡುತ್ತಾರೆ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆ ಉಂಟಲ್ಲ. ನನ್ನದು ಧರ್ಮದ ದಟ್ಟಿ ಅಲ್ಲ, ದುಡಿದದ್ದು, ಆದರೂ ಮೊಳ ಹಾಕಲು ನನಗೆ ನಾಚಿಕೆ.

ನಾಚಿಕೆ ಬಿಡಬೇಕಾಗಿ ಬಂದದ್ದು ಸ್ಕೂಟರಿನ ಆಸೆಯಿಂದ. ಸಂಜೆಯ ಕಾರ್ಯಕ್ರಮಗಳಿಗೆ ನಿರೂಪಣೆ ಮಾಡಲು ನನ್ನನ್ನು ಕರೆಯುತ್ತಿದ್ದರು. ಅದರಲ್ಲಿ ಸಂಪಾದನೆ ಹೆಚ್ಚು, ನನಗೆ ಇಷ್ಟವೂ ಹೆಚ್ಚು. ಆದರೆ ಬೆಳ್ಳಾರೆಗೆ ಕೊನೆಯ ಬಸ್ಸು ಹೋಗುವ ಹೊತ್ತಿಗೆ ವೇದಿಕೆಯಲ್ಲಿ ಇನ್ನೂ ಸ್ವಾಗತ ಭಾಷಣವೇ ಮುಗಿದಿರುವುದಿಲ್ಲ. ಎಷ್ಟೋ ಕಡೆ ಬೇಡ ಎಂದೆ. ಪ್ರತಿ ಸಲ ಬೇಡ ಎಂದ ಮೇಲೆ ಎರಡು ದಿನ ಮನೆಯಲ್ಲಿ ನನ್ನ ಮುಖ ನೋಡಲು ಆಗುತ್ತಿರಲಿಲ್ಲ. ಸ್ಕೂಟರ್ ಒಂದಿದ್ದರೆ ನಾನೇ ಹೋಗಿ ನಾನೇ ಬರಬಹುದಿತ್ತು.

ಸಾಲಕ್ಕೆಂದು ಪುತ್ತೂರಿನ ಬ್ಯಾಂಕಿಗೆ ಹೋದೆ. ಅಲ್ಲಿದ್ದ ಅಧಿಕಾರಿ ಬಾಗಲಕೋಟೆ ಕಡೆಯವರು, ಒಳ್ಳೆಯ ಮನುಷ್ಯ. ನನ್ನ ಪಾಸ್‌ಬುಕ್ ತಿರುವಿ ನೋಡಿದರು. ಗ್ಯಾಸ್ ಸಬ್ಸಿಡಿ ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ.

"ದುಡೀತೀನಿ ಅಂತೀರಿ, ರೊಕ್ಕ ಎಲ್ಲೈತ್ರಿ ಮೇಡಂ?"

ಶಾಲಿನ ರೂಪದಲ್ಲಿ ಕಪಾಟಿನಲ್ಲಿದೆ ಎಂದು ಹೇಳಲು ಆಗುತ್ತದೆಯೇ? ಇನ್ನು ಮುಂದೆ ಅಕೌಂಟಿಗೇ ಹಾಕಿಸಿಕೊಳ್ಳುತ್ತೇನೆ ಎಂದು ಒಪ್ಪಿಕೊಂಡು ಬಂದೆ.

ಮೊದಲು ಕೇಳಿದ್ದು ಕಡಬ ಕಡೆಯ ಒಂದು ಕ್ಲಬ್ಬಿನ ಖಜಾಂಚಿಯನ್ನು. ಕೋಳಿ ಫಾರ್ಮ್ ಇರುವ, ಜೋರಾಗಿ ನಗುವ, ನನ್ನನ್ನು ಸ್ವಂತ ಅಕ್ಕನ ಹಾಗೆ ನೋಡುವ ಮನುಷ್ಯ. ಆ ವಾರ ನನಗೆ ಶೀತವಾಗಿ ಸ್ವರ ಒಡೆದಿತ್ತು, ಆದರೂ ಅವರ ವಾರ್ಷಿಕೋತ್ಸವದ ಪ್ರಚಾರವನ್ನು ಹೇಗೋ ಓದಿ ಕಳಿಸಿದ್ದೆ. ಹಣ ಫೋನಿನಲ್ಲೇ ಹಾಕಿ ಎಂದಾಗ ಅವರು ಪೇಚಿಗೆ ಬಿದ್ದರು.

"ನಿಮಗೆ ಫೋನಿನಲ್ಲಿ ಹಾಕುದು ಹೇಗೆ ಅಕ್ಕ? ಕೋಳಿ ಫೀಡಿನವನಿಗೆ ಹಾಕಿದ ಹಾಗೆ ಆಗ್ತದೆ. ಮರ್ಯಾದೆ ಅಲ್ಲ."

"ಮರ್ಯಾದೆ ಸಾಕು ಮಾರಾಯ್ರೆ, ನನಗೆ ಸ್ಕೂಟರ್ ಬೇಕು" ಎಂದೆ.

ಅವರು ನಕ್ಕು ಒಪ್ಪಿದರು. ಆದರೆ ಕ್ಲಬ್ಬಿನ ಖಾತೆಯಿಂದ ತೆಗೆಯಲು ಸಭೆ ಆಗಬೇಕು. ಸಭೆಗೆ ಕಾಯುವುದು ಬೇಡ ಎಂದು, ಪಾಪ, ಒಳ್ಳೆಯ ಮನಸ್ಸಿನಿಂದಲೇ, ನನ್ನ ಕ್ಯೂಆರ್ ಕೋಡನ್ನು ಸದಸ್ಯರ ವಾಟ್ಸಾಪ್ ಗುಂಪಿಗೆ ಹಾಕಿದರು. ಸಂಬಳ ಎಂದು ಬರೆದರೆ ಅಕ್ಕನಿಗೆ ಅವಮಾನ ಎಂದು ಅವರ ಯೋಚನೆ. ಆದ್ದರಿಂದ ಬರೆದದ್ದು ಹೀಗೆ: "ಇಷ್ಟು ವರ್ಷ ನಮಗೆ ಸ್ವರವಾಗಿದ್ದ ಅಕ್ಕನಿಗೆ ಎಲ್ಲರೂ ಕೈಲಾದ ಸಹಾಯ ಮಾಡುವ."

ಇದನ್ನು ಓದಿದವರು ಆ ವಾರದ ಜೀಪಿನಲ್ಲಿ ನನ್ನ ಒಡೆದ ಸ್ವರವನ್ನೂ ಕೇಳಿದ್ದರು. ಆಮೇಲೆ ಕೇಳಬೇಕೇ? ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಹೋಗುವಾಗ ಯಾರೋ "ಗಂಟಲಿನ ಕಾಯಿಲೆ" ಎಂದು ಸೇರಿಸಿದರು. ಮತ್ತೆ ಯಾರೋ ಕೈಮುಗಿದ ಚಿತ್ರ ಸೇರಿಸಿ, ಬಡ ಕುಟುಂಬ, ದಯವಿಟ್ಟು ಎಲ್ಲರಿಗೂ ಕಳಿಸಿ ಎಂದು ಬರೆದರು. ಎಲ್ಲಾ ಸುತ್ತಿ ಬಂದ ಸಂದೇಶವನ್ನು ನಾನು ನೋಡಿದ್ದು ನಮ್ಮ ಕುಟುಂಬದ ಗುಂಪಿನಲ್ಲೇ.

ಅಷ್ಟು ಹೊತ್ತಿಗೆ ನನ್ನ ಫೋನು ಗುಬ್ಬಚ್ಚಿ ಕೂಗಿದ ಹಾಗೆ ಕೂಗಲು ಶುರುವಾಗಿತ್ತು. ಐವತ್ತೊಂದು, ನೂರೊಂದು, ಮತ್ತೆ ಐವತ್ತೊಂದು. ಹಣದ ಜೊತೆಗೆ ಸಣ್ಣ ಸಣ್ಣ ಮಾತು: ಬೇಗ ಗುಣವಾಗಲಿ, ದೇವರಿದ್ದಾನೆ, ಧೈರ್ಯ ಬಿಡಬೇಡಿ. ಸುಳ್ಯದ ಚಿಕ್ಕಮ್ಮ ಫೋನ್ ಮಾಡಿ ಅತ್ತರು. ಕಾಯಿಲೆ ಇಲ್ಲ ಚಿಕ್ಕಮ್ಮ ಎಂದು ಹೇಳಲು ಹೋದರೆ, "ಮಾತಾಡ್ಬೇಡ ಮಾರಾಯ್ತಿ, ಸ್ವರಕ್ಕೆ ವಿಶ್ರಾಂತಿ ಕೊಡು" ಎಂದು ಫೋನ್ ಇಟ್ಟೇಬಿಟ್ಟರು. ನನಗೆ ನಗು ಬಂತು, ಸಿಟ್ಟು ಬಂತು, ಆಮೇಲೆ ನಿಜವಾಗಿ ಹೆದರಿಕೆಯಾಯಿತು. ಆರೋಗ್ಯವಾಗಿರುವವಳು ಕಾಯಿಲೆ ಎಂದು ಹಣ ಎತ್ತಿದಳು ಎಂದು ನಾಳೆ ಯಾರಾದರೂ ಹೇಳಿದರೆ, ಮೂರು ತಾಲೂಕಿನಲ್ಲಿ ನನ್ನ ಸ್ವರವನ್ನು ಯಾರು ನಂಬುತ್ತಾರೆ?

ಖಜಾಂಚಿಗೆ ಫೋನ್ ಮಾಡಿ ಚೆನ್ನಾಗಿ ಬೈದೆ. ಅವರು ಒಂದೂ ಎದುರು ಮಾತಾಡಲಿಲ್ಲ. ತಕ್ಷಣ ತಿದ್ದುಪಡಿ ಹಾಕಿದರು. ಆದರೆ ತಿದ್ದುಪಡಿಯನ್ನು ಮುಂದಕ್ಕೆ ಕಳಿಸುವ ಉತ್ಸಾಹ ಯಾರಿಗೆ ಉಂಟು? ಮೊದಲಿನದ್ದು ಇನ್ನೂ ತಿರುಗುತ್ತಲೇ ಇತ್ತು.

ಬ್ಯಾಂಕಿನವರು ಬೇರೆ ಕಡೆಯಿಂದ ಕೇಳುವ ಮೊದಲು ನಾನೇ ಹೇಳುವುದು ಒಳ್ಳೆಯದೆಂದು ಮತ್ತೆ ಪುತ್ತೂರಿಗೆ ಹೋದೆ. ಅಧಿಕಾರಿ ಕಂಪ್ಯೂಟರಿನಲ್ಲಿ ನನ್ನ ಖಾತೆ ತೆಗೆದು ಕನ್ನಡಕ ಸರಿಮಾಡಿಕೊಂಡರು.

"ಇದೇನ್ರಿ, ಗುಡಿ ಕಟ್ಟಸಾಕ ರೊಕ್ಕ ಎತ್ತಾಕ ಹತ್ತೀರೇನು? ಎಲ್ಲಾದಕ್ಕೂ ಒಂದೊಂದು ರೂಪಾಯಿ ಹೆಚ್ಚೈತಲ್ಲ."

ನಡೆದದ್ದನ್ನೆಲ್ಲ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಗಂಭೀರವಾಗಿ, ಇದನ್ನು ಆದಾಯವೆಂದು ಬರೆಯಲು ಬರುವುದಿಲ್ಲ, ಬಂದದ್ದನ್ನೆಲ್ಲ ಹಿಂತಿರುಗಿಸಿ ಎಂದರು. "ನೀವು ದುಡಿದದ್ದು ಅಂತ ಒಂದು ಬರ್ಲಿ. ಅಲ್ಲಿಂದ ಎಣಿಸಾಕ ಶುರು ಮಾಡೋಣ."

ತಿರುಗಿಸುವುದು ಕೊಟ್ಟಷ್ಟು ಸುಲಭವಲ್ಲ ಎಂದು ಆಗ ಗೊತ್ತಾಯಿತು. ಹೇಳದೆ ತಿರುಗಿಸಿದರೆ ಜನ ನೊಂದುಕೊಳ್ಳುತ್ತಾರೆ. ಹಾಗಾಗಿ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಒಬ್ಬ ಹೆಂಗಸು, "ಕೊಟ್ಟದ್ದನ್ನು ವಾಪಸ್ ತೆಗೊಂಡರೆ ನಮಗೆ ಒಳ್ಳೇದಾಗ್ತದಾ?" ಎಂದು ನನಗೇ ಬೈದರು. ಇನ್ನೊಬ್ಬರು ಹರಕೆ ಹೇಳಿಕೊಂಡಾಗಿದೆ, ಅದನ್ನು ಹೇಗೆ ತಿರುಗಿಸುತ್ತೀರಿ ಎಂದು ಕೇಳಿದರು. ಯಾರೊಬ್ಬರೂ ನನ್ನನ್ನು ಸಂಶಯದಿಂದ ನೋಡಲಿಲ್ಲ. ಎಲ್ಲರೂ ಮೊದಲು ಹೇಳಿದ್ದು ಒಂದೇ: "ಅಬ್ಬ, ಕಾಯಿಲೆ ಇಲ್ಲ ಅಲ್ಲ, ಸಾಕು." ಈ ಜನರನ್ನು ನಾನು ಇಷ್ಟು ವರ್ಷ ಬಂಧುಗಳೇ ಎಂದು ಕರೆದದ್ದು ಬರೀ ಬಾಯಿಮಾತಿಗೆ. ಅವರು ಅದನ್ನು ನಿಜವೆಂದೇ ಇಟ್ಟುಕೊಂಡಿದ್ದರು.

ಕೊನೆಗೆ ಉಳಿದವರಲ್ಲಿ ಒಬ್ಬರು ಕಾಣಿಯೂರಿನ ಆಟೋ ಚಾಲಕ. ನಾನು ನಮಸ್ಕಾರ ಎಂದು ಹೇಳಿದ್ದಷ್ಟೇ, ಗುರುತು ಹಿಡಿದರು.

"ಜೀಪಿನ ಅಕ್ಕ ಅಲ್ವಾ? ಸ್ವರ ಸರಿ ಉಂಟಲ್ಲ!"

ವಿಷಯ ಹೇಳಿದೆ. ಅವರಿಗೆ ಬಹಳ ಸಮಾಧಾನವಾಯಿತು. "ನಿಮ್ಮ ಜೀಪು ನಮ್ಮ ಸ್ಟ್ಯಾಂಡಿನ ಎದುರೇ ನಿಲ್ಲುದು, ಡ್ರೈವರಿಗೆ ಚಾ ಬೇಕಲ್ಲ. ಬಾಡಿಗೆ ಇಲ್ಲದ ಮಧ್ಯಾಹ್ನ ನಮಗೆ ನೀವೇ. ಕೇಳಿ ಕೇಳಿ ಎಲ್ಲ ಬಾಯಿಪಾಠ" ಎಂದವರು ಆ ವರ್ಷದ ಕಣ್ಣಿನ ಶಿಬಿರದ ಪ್ರಚಾರವನ್ನು ನನ್ನದೇ ಧಾಟಿಯಲ್ಲಿ ಅರ್ಧ ಒಪ್ಪಿಸಿದರು. "ಹಣ ಇರ್ಲಿ ಅಕ್ಕ, ಐವತ್ತೊಂದು ದೊಡ್ಡದಲ್ಲ."

"ಇಟ್ಟುಕೊಂಡರೆ ನನಗೆ ಸಾಲ ಆಗುದಿಲ್ಲ ಅಣ್ಣ" ಎಂದೆ. "ಸಹಾಯದ ಹಣ ಬ್ಯಾಂಕಿನಲ್ಲಿ ನಡೆಯುದಿಲ್ಲವಂತೆ. ದುಡಿದದ್ದು ಬೇಕಂತೆ."

ಅವರ ಹಿಂದೆ ಯಾರೋ ಹಾರ್ನ್ ಹಾಕುವುದು ಕೇಳಿಸಿತು.

"ಹಾಗಾದ್ರೆ ವಾಪಸ್ ಹಾಕಿ" ಎಂದರು.

ಹಾಕಿದೆ. ಒಂದು ಕೆಲಸ ಮುಗಿಯಿತು ಎಂದು ಒಲೆಯ ಹತ್ತಿರ ಹೋಗಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಫೋನು ಮತ್ತೆ ಕೂಗಿತು. ಅವರದ್ದೇ. ಈ ಸಲ ಬಂದದ್ದು ಐವತ್ತು. ಅದರ ಕೆಳಗೆ ಒಂದೇ ಪದ ಬರೆದಿದ್ದರು: ಸಂಬಳ.

ಅದನ್ನು ನೋಡಿ ನನಗೆ ಎಷ್ಟು ಸಂತೋಷವಾಯಿತು ಎಂದರೆ ತಮಾಷೆ ಮಾಡದೆ ಇರಲು ಆಗಲಿಲ್ಲ. ಫೋನ್ ಮಾಡಿ, "ನನ್ನ ಒಂದು ರೂಪಾಯಿ ಎಲ್ಲಿ ಹೋಯ್ತು ಅಣ್ಣ?" ಎಂದು ಕೇಳಿದೆ.

"ಸಂಬಳಕ್ಕೆ ಯಾರು ಒಂದು ರೂಪಾಯಿ ಸೇರಿಸ್ತಾರೆ ಅಕ್ಕ? ಅದು ಕೊಡುಗೆಗೆ ಸೇರಿಸುದು. ಇದು ನೀವು ದುಡಿದದ್ದಲ್ವಾ? ಇಷ್ಟು ವರ್ಷ ಪುಕ್ಕಟೆ ಕೇಳಿದ್ದೇನೆ."

ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಸ್ವರ ಹೊರಡಲಿಲ್ಲ. ಬಾಣಲೆಯಲ್ಲಿ ಸಾಸಿವೆ ಕರಟಿ ವಾಸನೆ ಬರುತ್ತಿತ್ತು, ನಾನು ಕಣ್ಣು ಒರೆಸಿಕೊಳ್ಳುತ್ತ ಸುಮ್ಮನೆ ನಿಂತಿದ್ದೆ.

ಅವರು ಸ್ವಲ್ಪ ಕಾದು, ತಗ್ಗಿದ ಸ್ವರದಲ್ಲಿ ಕೇಳಿದರು: "ಅಕ್ಕ, ನಿಜ ಹೇಳಿ, ಗಂಟಲಿಗೆ ಎಂತದೂ ಇಲ್ಲ ಅಲ್ಲ?"