ಅಕ್ಕನ ಕಡೀ ಹೊಲಿಗೆ

ಯಾರೋ ಅರ್ಧಕ್ಕೆ ಬಿಟ್ಟುಹೋದ ಕೆಲಸಕ್ಕೆ ಕೈ ಹಾಕಿ, ಆಮೇಲೆ ಜನ್ಮಪೂರ್ತಿ ಒದ್ದಾಡಿದ್ದೀರಾ? ನಾನು ಒದ್ದಾಡಿದ್ದೀನಿ. ಇದನ್ನ ಮಕ್ಕಳಿಗೂ ಓದಿ ಹೇಳಿ. ಉತ್ತರ ಇಂಗ್ಲಿಷಲ್ಲಿ ಕೊಟ್ರೂ ಕೇಳಿಸ್ಕೊಳ್ಳೋದು ಕನ್ನಡದಲ್ಲೇ.

ನಾನು ಚಿಕ್ಕವಳಿದ್ದಾಗ, ಧಾರವಾಡದಲ್ಲಿ, ಅಕ್ಕ ನನ್ನ ಕಪ್ಪು ಪರಕಾರದ, ಅಂದ್ರೆ ಲಂಗದ, ಅಂಚಿಗೆ ಕಸೂತಿ ಹಾಕ್ತಿದ್ಲು. ಸಾಲಾಗಿ ನಾಲ್ಕು ನವಿಲು. ಕಸೂತಿಲಿ ಸೂಜಿ ಹೋಗ್ತಾ ಒಂದು ಹೊಲಿಗೆ ಹಾಕಿ ಒಂದು ಜಾಗ ಬಿಡುತ್ತೆ, ವಾಪಸ್ ಬರ್ತಾ ಬಿಟ್ಟ ಜಾಗ ತುಂಬುತ್ತೆ. ಗಂಟು ಹಾಕಂಗಿಲ್ಲ. ಹಂಗಾಗಿ ಬಟ್ಟೆ ಎರಡೂ ಕಡೆ ಒಂದೇ ಥರ ಕಾಣುತ್ತೆ.

"ಪಂಚಮಿಗೆ ಹಾಕ್ಕೊಳ್ಳಾಕ ಬೇಕಽ ಬೇಕು" ಅಂತ ನಾನು ದಿನಾ ಅವಳ ತಲೆ ತಿಂತಿದ್ದೆ.

"ಸುಮ್ನ ಕೂಡು. ನೀ ಒದರಿದ್ರ ನವಿಲು ಹಾರಿ ಹೋಗ್ತಾವು" ಅಂತಿದ್ಲು.

ನಾಲ್ಕನೇ ನವಿಲಿಗೆ ಸೂಜಿ ಹೋಯ್ತು, ವಾಪಸ್ ಬರ್ಲಿಲ್ಲ. ಅಕ್ಕ ಜ್ವರ ಅಂತ ಮಲಗಿದ್ಲು. ನಾಲ್ಕೇ ದಿನ. ಹೋಗ್ಬಿಟ್ಲು.

ಅವಳ ಕಾರ್ಯ ಎಲ್ಲ ಮುಗಿದ ಮೇಲೆ, ಒಂದು ಮಧ್ಯಾಹ್ನ, ನಾನೇ ಕೂತು ಆ ನವಿಲಿನ ಖಾಲಿ ಜಾಗ ತುಂಬಿದೆ. ಅಕ್ಕನಿಗೆ ಖುಷಿ ಆಗುತ್ತೆ ಅಂದ್ಕೊಂಡೆ. ಒಂಬತ್ತು ವರ್ಷದ ಬುದ್ಧಿ. ಕೊನೇಲಿ ಗಂಟು ಹಾಕಿದೆ, ಅದು ಅವ್ವನ ಬೆರಳಿಗೆ ಸಿಕ್ತು. ಹೊಡೀಲಿಲ್ಲ, ಬೈಲಿಲ್ಲ. ಬಟ್ಟೆ ತಿರುಗಿಸಿ ತಿರುಗಿಸಿ ನೋಡಿದ್ಲು.

"ಇದರಾಗ ಆಕಿ ಕಡೀ ಹೊಲಿಗಿ ಯಾವ್ದು?"

ನನಗೂ ಗೊತ್ತಾಗ್ಲಿಲ್ಲ. ಸಾಯೋ ತನಕ ಅವ್ವ ಆ ಅಂಚು ಸವರ್ತಾ ಹುಡುಕ್ತಾನೇ ಇದ್ಲು.

ಪರಕಾರದಿಂದ ಕತ್ತರಿಸಿಟ್ಟ ಆ ಅಂಚು ಈಗ ನನ್ನ ಪಾಸ್‌ಪೋರ್ಟ್ ಚೀಲದಲ್ಲಿರುತ್ತೆ. ಹೋದ ವರ್ಷ ನಾನೂ ಮಗಳೂ ನಾವಿರೋ ಮೆಲ್ಬರ್ನ್‌ನಿಂದ ಗ್ವಾಟೆಮಾಲಾಗೆ ಹೋದಾಗಲೂ ಇತ್ತು. ಅಲ್ಲೊಂದು ಸರೋವರ, ಸುತ್ತ ಜ್ವಾಲಾಮುಖಿ ಬೆಟ್ಟಗಳು, ದಡದಲ್ಲಿ ಮಾಯಾ ಜನರ ಹಳ್ಳಿಗಳು. ಊರಿಂದ ಊರಿಗೆ ದೋಣಿ. ಒಂದೂರಲ್ಲಿ ಮಣ್ಣಿನ ಪಾತ್ರೆ ಮಾಡೋರು, ಇನ್ನೊಂದೂರಲ್ಲಿ ಎಲೆ ತೊಗಟೆ ಕುದಿಸಿ ನೂಲಿಗೆ ಬಣ್ಣ ಹಾಕೋರು. ದೋಣಿ ಅಲೆ ಮೇಲೆ ಕುಕ್ಕಿ ಕುಕ್ಕಿ ನನ್ನ ಸೊಂಟ ಬಿದ್ದೋಯ್ತು.

"ಅಮ್ಮಾ, ಸ್ಟಾಪ್ ಕಂಪ್ಲೇನಿಂಗ್" ಅಂದ್ಲು ಮಗಳು.

ಮೂರನೇ ಊರಲ್ಲಿ ಒಬ್ಬ ಹೆಂಗಸು ನೇಯ್ತಿದ್ಲು. ಮಗ್ಗದ ಒಂದು ತುದಿ ಕಂಬಕ್ಕೆ, ಇನ್ನೊಂದು ಅವಳ ಸೊಂಟಕ್ಕೆ. ಹಿಂದಕ್ಕೆ ವಾಲಿದ್ರೆ ನೂಲು ಬಿಗಿ, ಮುಂದಕ್ಕೆ ಬಾಗಿದ್ರೆ ಸಡಿಲ. ಪಕ್ಕದ ಕಂಬದಲ್ಲಿ ಅರ್ಧ ನೇಯ್ದ ಬಟ್ಟೆ ಸುತ್ತಿ ನೇತಾಕಿತ್ತು, ಧೂಳು ಹಿಡಿದಿತ್ತು. ಮುಟ್ಟೋಕೆ ಹೋದೆ. ಬೇಡ ಅಂತ ಕೈ ಅಡ್ಡ ತಂದ್ಲು. ಮಗಳಿಗೆ ಸ್ಕೂಲಲ್ಲಿ ಕಲಿತ ಸ್ಪ್ಯಾನಿಷ್ ಇತ್ತು, ಕೇಳಿ ಹೇಳಿದ್ಲು. ಅದು ತೀರಿಹೋದ ಅವಳ ಅಕ್ಕನ ಬಟ್ಟೆಯಂತೆ. ತಾನು ಸೊಂಟಕ್ಕೆ ಕಟ್ಕೊಂಡ್ರೆ ತನ್ನ ಎಳೆತ ಬಂದು ಅಕ್ಕಂದು ಹೋಗಿಬಿಡುತ್ತಂತೆ.

ಚೀಲದಿಂದ ಅಂಚು ತೆಗೆದು, ಇದೂ ಅಕ್ಕ ತಂಗಿ ಇಬ್ರೂ ಹೊಲಿದಿದ್ದು ಅಂತ ಮಗಳ ಕೈಲಿ ಹೇಳಿಸಿ, ಅವಳ ಕೈಗೆ ಕೊಟ್ಟೆ. ಕಣ್ಣು ಮುಚ್ಚಿ ಹೆಬ್ಬೆರಳಲ್ಲಿ ಸವರಿದ್ಲು. ನಾಲ್ಕನೇ ನವಿಲಿಗೆ ಬಂದಾಗ ಒಂದೊಂದೇ ಹೊಲಿಗೆ ಒತ್ತಿ ಹೇಳೋಕೆ ಶುರು ಮಾಡಿದ್ಲು. ದೊಡ್ಡವಳು, ಚಿಕ್ಕವಳು. ದೊಡ್ಡವಳು, ಚಿಕ್ಕವಳು. ಅಕ್ಕಂದು ಬಿಗಿ, ನಂದು ಸಡಿಲ. ಅವ್ವನಿಗೆ ಸಿಗದ ಅಕ್ಕ ಅಲ್ಲೇ ಇದ್ಲು.

ನವಿಲಿನ ತಲೆ ಹತ್ರ ಹೆಬ್ಬೆರಳು ನಿಂತಿತು. ಮೆತ್ತಗೆ ಏನೋ ಅಂದ್ಲು. ಮಗಳು ನನ್ನ ಮುಖ ನೋಡಿದ್ಲು.

"ಏನಂದ್ಲು, ಹೇಳೇ."

"ದೊಡ್ಡವಳದು ಇದೇ ಲಾಸ್ಟ್ ಅಂತೆ. ಇಲ್ಲಿ ಅವಳ ಕೈ ನಡುಗ್ತಿತ್ತಂತೆ. ಶಿ ವಾಸ್ ಆಲ್ರೆಡಿ ಸಿಕ್, ಅಮ್ಮಾ?"

ಜ್ವರದಲ್ಲೂ ಹೊಲಿದಿದ್ಲು. ನನ್ನ ಪಂಚಮಿಗೆ.

ವಾಪಸ್ ಬರೋ ದೋಣಿಲಿ ಸೊಂಟದ ಸುದ್ದಿ ಎತ್ತಲಿಲ್ಲ.

ಇಲ್ಲಿ ಮೆಲ್ಬರ್ನ್ ಅಂಚಿನ ಕ್ಲೈಡ್ ನಾರ್ತಲ್ಲಿ, ನಮ್ಮನೇಲಿ, ಮಗಳ ಬಟ್ಟೆ ಎಲ್ಲ ಆನ್‌ಲೈನ್‌ನಿಂದ ಬಾಗಿಲಿಗೆ ಬಂದು ಬೀಳುತ್ತೆ. ಯಾರ ಕೈ, ಅವತ್ತು ಅವರಿಗೆ ಜ್ವರ ಇತ್ತಾ, ಯಾರಿಗೆ ಗೊತ್ತು. ಆದ್ರೆ ಕಾಲೇಜಿಗೆ ಹೊರಡೋ ಮುಂಚೆ ಆ ಅಂಚನ್ನ ಒಂದ್ಸಲ ಸವರ್ತಾಳೆ. ನನಗೆ ನಾಲ್ಕನೇ ನವಿಲು ಮುಟ್ಟೋ ಧೈರ್ಯ ಇಲ್ಲ.

ಮೊನ್ನೆ ಕೇಳಿದ್ಲು, "ಈ ಗಂಟು ಬಿಚ್ಚಿಬಿಡ್ಲಾ?"

"ಬೇಡ" ಅಂದೆ. "ನಮ್ಮವ್ವನ ಬೆರಳಿಗೆ ಸಿಕ್ಕಿದ್ದು ಅದೊಂದೇ."

ನಿಮ್ಮನೇಲೂ ಯಾರೋ ಅರ್ಧಕ್ಕೆ ಬಿಟ್ಟಿದ್ದು ಏನಾದ್ರೂ ಇದೆಯಾ? ಅದನ್ನ ಮುಟ್ಟೋ ಮುಂಚೆ, ಕೆಳಗೆ ಬರೀರಿ.