ನಾನು ಬಿಟ್ಟ ಹಗ್ಗ

ಕಳೆದ ಭಾನುವಾರ ನಮ್ಮ ತೋಟದ ಆಳು ಲೋಕೇಶನ ಮನೆಯಲ್ಲಿ ಅಕ್ಕಿರೊಟ್ಟಿಯ ಪಕ್ಕಕ್ಕೆ ಚಗಳಿ ಚಟ್ನಿ ಬಿತ್ತು. ಅರೆದ ಕೆಂಪಿರುವೆಯ ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎಡಗೈ ತಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿಯಿತು. ಲೋಕೇಶ ನಕ್ಕ. "ತಟ್ಟೆ ಎಲ್ಲೂ ಬೀಳಲ್ಲ ಬುಡಿ ರೈಟ್ರೇ."

ನಾನು ವನಗೂರಿನ ಎಸ್ಟೇಟ್ ಒಂದರ ರೈಟರ್, ಆಳುಗಳ ಹಾಜರಿ ಬರೆಯುವವನು. ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಓದಿ, ನಾಯಕತ್ವದ ಬಗೆಗಳನ್ನು ಬಾಯಿಪಾಠ ಮಾಡಿ ಒಳ್ಳೆಯ ಅಂಕ ತೆಗೆದವನು. ನೀವು ನಗಬೇಕಾದ ಜಾಗ ಮುಂದಿದೆ, ಸ್ವಲ್ಪ ತಾಳಿ.

ಹಿಂದಿನ ಮ್ಯಾನೇಜರು ಜೀಪಿನಿಂದ ಇಳಿಯದೆ ಬೈಯುತ್ತಿದ್ದರು. ಕಾಳುಮೆಣಸು ಕೊಯ್ಯಲು ಬಂದವರು ವಾರ ತುಂಬುವುದರೊಳಗೆ ದೋಣಿಗಲ್ ಕಡೆಯ ತೋಟಗಳಿಗೆ ಹೋಗಿಬಿಡುತ್ತಿದ್ದರು. ಆಮೇಲೆ ಬಂದ ಪುಟ್ಟೇಗೌಡರೂ ಬೈಗುಳದಲ್ಲಿ ಕಡಿಮೆಯವರಲ್ಲ. ಆದರೆ ಏಣಿಯ ಹಗ್ಗ ಹಿಡಿದುಕೊಂಡು ಬೈಯುತ್ತಿದ್ದರು.

ಮೆಣಸಿನ ಏಣಿಯೆಂದರೆ ಉದ್ದನೆಯ ಒಂಟಿ ಬಿದಿರು, ಅದರ ಗೆಣ್ಣುಗಳೇ ಮೆಟ್ಟಿಲು. ಅದು ಮರ ಬಿಟ್ಟು ಹಿಂದಕ್ಕೆ ಬೀಳದಂತೆ, ತುದಿಗೆ ಕಟ್ಟಿದ ಹಗ್ಗವನ್ನು ಮರದ ಆಚೆಯಿಂದ ಇಬ್ಬರು ಜಗ್ಗಿ ಹಿಡಿಯಬೇಕು. ಒಂದು ಬೆಳಿಗ್ಗೆ ಹಲಸಿನ ಮರಕ್ಕೆ ಒರಗಿಸಿದ ಏಣಿಯ ಮೇಲೆ ಲೋಕೇಶ, ಕೆಳಗೆ ಹಗ್ಗ ಹಿಡಿದು ಗೌಡರು. ಆಳು ಸಾಲದೆ ಅವರ ಹಿಂದೆ ನಾನು. ಏಣಿಯ ತುದಿ ಚಗಳಿ ಗೂಡಿಗೆ ತಗುಲಿ, ಇರುವೆಗಳು ನಮ್ಮಿಬ್ಬರ ಮೇಲೂ ಸುರಿದವು. ಕುತ್ತಿಗೆಗೆ ಒಂದು ಕಡಿತ, ಕಿವಿಗೆ ಇನ್ನೊಂದು. ಮೂರನೆಯದಕ್ಕೆ ನಾನು ಹಗ್ಗ ಬಿಟ್ಟಿದ್ದೆ.

ಹಗ್ಗ ಗೌಡರ ಅಂಗೈಯಲ್ಲಿ ಜಾರಿತು. ಏಣಿ ಮರದಿಂದ ಒಂದು ಮೊಳ ಹಿಂದೆ ಸರಿಯಿತು. ಗಾಳಿಯಲ್ಲಿ ನೆಲೆ ಹುಡುಕುತ್ತಿದ್ದ ಲೋಕೇಶನ ಪಾದ ಈಗಲೂ ನನಗೆ ಕಾಣುತ್ತದೆ. ಗೌಡರು ಕಾಲೂರಿ ಹಿಂದಕ್ಕೆ ಜಗ್ಗಿ ನಿಂತರು. ರೆಪ್ಪೆಯ ಮೇಲೆಲ್ಲ ಚಗಳಿ, ಕಣ್ಣು ಮುಚ್ಚಿದ್ದವು. "ನಿಧಾನಕ್ಕೆ ಇಳಿ ಮಾರಾಯ, ನಾನೆಲ್ಲೂ ಹೋಗಲ್ಲ ಕಣೋ."

ಅವನು ಇಳಿಯುವಷ್ಟು ಹೊತ್ತೂ ನಾನು ಅಂಗಿ ಕಿತ್ತೆಸೆದು ಕಾಫಿ ಗಿಡಗಳ ನಡುವೆ ಕುಣಿಯುತ್ತಿದ್ದೆ.

ಮರುದಿನ ಕೆಲಸ ಬಿಡುತ್ತೇನೆಂದು ಹೇಳಲು ಹೋದೆ. ಆಳುಗಳಲ್ಲಿ ಒಬ್ಬರೂ ಕೆಲಸ ತಪ್ಪಿಸಿರಲಿಲ್ಲ. ಗೌಡರ ಮುಖ ಊದಿ ಗುರುತೇ ಸಿಗುತ್ತಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಹಗ್ಗ ಚಾಚಿದರು.

"ಇವತ್ತು ಹಗ್ಗದ ಮುಂದಿನ ಕೈ ನಿಮ್ದು."

"ನೆನ್ನೆ ಬಿಟ್ಟೆನಲ್ಲ ಸಾರ್."

"ಅದ್ಕೇಯ. ಬಿಟ್ರೆ ಏನಾಯ್ತದೆ ಅಂತ ನಿಮ್ಗೆ ಗೊತ್ತೈತೆ."

ನಾನು ಲೋಕೇಶನ ಮುಖ ನೋಡಿದೆ. ಹತ್ತುವವನು ಅವನು. ಬೇಡವೆನ್ನಲಿ ಎಂದೇ ಆಸೆಪಟ್ಟೆ. ಅವನು ಎರಡು ಮೆಟ್ಟಿಲು ಹತ್ತಿ ತಿರುಗಿದ.

"ರೈಟ್ರೇ, ಅಂಗಿ ಬಿಚ್ಚೋದಾದ್ರೆ ಈಗ್ಲೇ ಬಿಚ್ಚಿಡಿ."

ತೋಟವೆಲ್ಲ ನಕ್ಕಿತು. ಅವನು ತುದಿಯವರೆಗೂ ಹತ್ತಿದ. ನಾನು ಇನ್ನೂ ಇಲ್ಲೇ ಇದ್ದೇನೆ.

ಅಲ್ಲಿಂದ ಈಚೆಗೆ ಚಗಳಿ ಚಟ್ನಿ ಮುಟ್ಟಿರಲಿಲ್ಲ. ಭಾನುವಾರ ಎರಡು ಸಲ ಹಾಕಿಸಿಕೊಂಡೆ. ಎಡಗೈ ಮಾತ್ರ ತಟ್ಟೆ ಬಿಡಲಿಲ್ಲ. ಇರಲಿ ಎಂದು ಹಿಡಿದುಕೊಂಡೇ ತಿಂದೆ.